ಎದುರು ಮನೆಯ ಚಾಚಿಯ ದರ್ಬಾರು

ಹೋದ ವಾರ ಮಗಳ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕೈಮಗ್ಗದ ಸೀರೆಯೊಂದರ ಮಡಿಕೆ ಬಿಚ್ಚಿದ. ಗಂಜಿ ಹಾಕಿದ ಹೊಸ ನೂಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಆಮೇಲೆ ಅವನು ಎಷ್ಟು ಸೀರೆ ತೋರಿಸಿದನೋ, ಮಗಳು ಯಾವುದನ್ನು ಒಪ್ಪಿದಳೋ ಒಂದೂ ನೆನಪಿಲ್ಲ. ನಾನು ಗದಗ-ಬೆಟಗೇರಿಯ ನಮ್ಮ ಓಣಿಯಲ್ಲಿ, ಎದುರು ಮನೆಯ ಚಾಚಿಯ ಪಡಸಾಲೆಯಲ್ಲಿ ಕೂತುಬಿಟ್ಟಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮದು ನೇಕಾರರ ಮನೆ. ಚಾಚಿಯ ಗಂಡ ನೂಲಿಗೆ ಬಣ್ಣ ಹಾಕುತ್ತಿದ್ದ. ನಾನು ಟಿ.ಸಿ.ಎಚ್. ಮುಗಿಸಿ ಮಾಸ್ತರಿಕೆಯ ಆರ್ಡರ್ ದಾರಿ ಕಾಯುತ್ತಿದ್ದೆ. ಆರ್ಡರ್ ಬಂದರೂ ಮನೆಯಲ್ಲಿ ಕಳಿಸುತ್ತಾರೋ ಇಲ್ಲವೋ ಎಂಬ ಅಂಜಿಕೆ ಹಗಲೂ ರಾತ್ರಿ ಇತ್ತು. ನಮ್ಮ ಮನೆತನದಲ್ಲಿ ಹೆಣ್ಣು ಮಕ್ಕಳು ಮದುವೆಯಾಗಿ ಊರು ಬಿಟ್ಟಿದ್ದರೇ ಹೊರತು ನೌಕರಿಗೆಂದು ಬಿಟ್ಟವರಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ರಾಟೆ ತೆಗೆದುಕೊಂಡು ಚಾಚಿಯ ಪಡಸಾಲೆಗೆ ಹೋಗುತ್ತಿದ್ದೆವು. ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವ ಕೆಲಸ. ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಆ ಬಾಯಿಗಳಿಗೆಂದೇ ಚಾಚಿ ಒಂದು ಆಟ ಹುಟ್ಟಿಸಿದ್ದಳು. ಏಳು ಬಾಗಿಲ ಪಟ್ಟಣ ಅಂತ ಒಂದು ರಾಜ್ಯ. ಪಕ್ಕದ ಮನೆಯ ಅತ್ತೆ ಪ್ರಧಾನಿ, ಆಕೆಯ ಸೊಸೆ ರಾಜವೈದ್ಯೆ, ನಾನು ಸೇನಾಪತಿ. ಮುಂದೇನಾಯಿತೆಂದು ಚಾಚಿ ಹೇಳುತ್ತಿದ್ದಳು, ಏನು ಮಾಡಬೇಕೆಂದು ನಾವು ಹೇಳುತ್ತಿದ್ದೆವು, ಗೆದ್ದೆವೋ ಸೋತೆವೋ ಎಂಬುದನ್ನು ಆಕೆ ಎಸೆದ ಐದು ಕವಡೆ ಹೇಳುತ್ತಿದ್ದವು. ಹಾರುವ ಕುದುರೆಯಿಂದ ಬಿದ್ದೆವು, ಮಾತಾಡುವ ಹುಲಿಯ ಜೊತೆ ಕರಾರು ಮಾಡಿಕೊಂಡೆವು. ರಾಜ ಮಾತ್ರ ಸದಾ ಕಾಯಿಲೆ ಮನುಷ್ಯ, ಒಳಗೇ ಮಲಗಿರುತ್ತಿದ್ದ.

ಒಂದು ದಿನ ಕೋಟೆ ಬಾಗಿಲಿಗೆ ರಾಕ್ಷಸನೊಬ್ಬ ಬಂದ. ಹೆಗಲ ಮೇಲೆ ಜ್ವರ ಬಂದ ಕೂಸು. ಒಳಗೆ ಬಿಡಿ ಅಂತ ಬೇಡುತ್ತಿದ್ದ. ಬಿಡಬೇಕೋ ಬೇಡವೋ, ದರ್ಬಾರು ಕೂಡಿ ತೀರ್ಮಾನ ಮಾಡಬೇಕು ಎಂದಳು ಚಾಚಿ. ಪ್ರಧಾನಿ "ಬ್ಯಾಡ ಬಿಡ್ರಿ" ಎಂದರು. ನಾನೂ ಬ್ಯಾಡ ಎಂದೆ. ಸೊಸೆ ಅತ್ತೆಯ ಮುಂದೆ ಬಾಯಿ ತೆಗೆಯುವವಳೇ ಅಲ್ಲ, ಸುಮ್ಮನೆ ತಲೆ ಆಡಿಸಿದಳು. ಅಲ್ಲಿಗೆ ದರ್ಬಾರು ಮುಗಿಯಿತು, ನಾವು ಸಂತೆಯ ಬದನೆಕಾಯಿ ಸುದ್ದಿಗೆ ಇಳಿದೆವು. ಚಾಚಿಯ ಮುಖ ಸಣ್ಣದಾಯಿತು. "ಇವತ್ತಿಗೆ ಸಾಕು" ಎಂದು ಕವಡೆ ಎತ್ತಿಟ್ಟಳು. ನಾಲ್ಕು ದಿನ ಆಟದ ಸುದ್ದಿ ಎತ್ತಲಿಲ್ಲ.

ಐದನೆಯ ದಿನ ಒಬ್ಬೊಬ್ಬರ ಹತ್ತಿರವೂ ಬಂದು ಕಿವಿಯಲ್ಲಿ ಏನೋ ಉಸುರಿದಳು. ನನ್ನ ಕಿವಿಯಲ್ಲಿ ಹೇಳಿದ್ದು ಇವತ್ತಿಗೂ ನೆನಪಿದೆ. "ಸೇನಾಪತಿಗೆ ಲಡಾಯಿ ಬೇಕಾಗೈತಿ. ಆದ್ರ ಕತ್ತಿ ಹಿಡಿಯೋ ಕೈಗೆ ನಡುಕ ಬಂದೈತಿ. ಅದು ಯಾರಿಗೂ ಗೊತ್ತಾಗಬಾರದು." ಉಳಿದವರಿಗೂ ಹಾಗೇ, ಒಂದು ಆಸೆ, ಒಂದು ಅಂಜಿಕೆ. ಆಮೇಲೆ ಆಕೆ ಮೂಲೆಯತ್ತ ನಡೆದಳು. ಅಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ದಿನವೂ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ಆಕೆಗೆ ಕಿವಿ ಮಂದ ಎಂದು ನಾವು ಯಾರೂ ಆಟಕ್ಕೆ ಕರೆದಿರಲಿಲ್ಲ. "ಆಯಿ, ನೀವು ರಾಜಮಾತಾ" ಎಂದು ಚಾಚಿ ಆಕೆಯ ಕಿವಿಯಲ್ಲೂ ಏನೋ ಹೇಳಿದಳು. ಕೊನೆಗೆ ಒಂದು ಊದಿನಕಡ್ಡಿ ಹಚ್ಚಿ ಗೋಡೆಗೆ ಸಿಗಿಸಿದಳು.

"ಇದು ಆರೂದ್ರೊಳಗ ತೀರ್ಮಾನ ಆಗಬೇಕು. ಇಲ್ಲಾಂದ್ರ ಅಂವಾ ಬಾಗಲಾ ಮುರದು ಒಳಗ ಬರ್ತಾನು."

ಅಬ್ಬಾ, ಆ ಮಧ್ಯಾಹ್ನ! ನಾನು ಲಡಾಯಿ ಲಡಾಯಿ ಎಂದು ಕೂಗಿದೆ, ನೀನೇ ಮುಂದೆ ನಡಿ ಎಂದಾಗ ನೆವ ಹುಡುಕಿದೆ. ಪ್ರಧಾನಿ ಒಮ್ಮೆ ಹೂಂ, ಒಮ್ಮೆ ಊಹೂಂ. ಅಷ್ಟರಲ್ಲಿ ಸೊಸೆ ರಾಟೆ ನಿಲ್ಲಿಸಿ ತಲೆ ಎತ್ತಿದಳು. "ಪ್ರಧಾನಿಗಳೇ, ನೀವು ಸುಳ್ಳು ಹೇಳಾಕ ಹತ್ತೀರಿ. ನಿಮಗ ಆ ಕೂಸಿನ ಅಂಜಿಕಿ ಇಲ್ಲ, ನಿಮ್ಮ ಕುರ್ಚಿ ಅಂಜಿಕಿ ಐತಿ!" ಅತ್ತೆ ಕಣ್ಣು ಕೆಂಪಗೆ ಮಾಡಿದರು, ಮರುಗಳಿಗೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಸೊಸೆಯ ಕಾಲ ಅವತ್ತು ಒಂದು ಊದಿನಕಡ್ಡಿ ಉರಿಯುವಷ್ಟು ಹೊತ್ತು ಬಂದಿತ್ತು. ಕಡ್ಡಿ ಬುಡಕ್ಕೆ ಬಂದಾಗ ಮೂಲೆಯಿಂದ ಆಯಿಯ ದನಿ ಕೇಳಿತು.

"ಬಾಗಲಾ ತಗೀರಿ. ಕೂಸಿಗೆ ಜ್ವರ ಬಂದೈತಿ, ಎಷ್ಟೊತ್ತು ಮಾತಾಡ್ತೀರಿ?"

ನಾವೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡೆವು. ಆಯಿ ಅಷ್ಟು ದಿನವೂ ಎಲ್ಲವನ್ನೂ ಕೇಳಿಸಿಕೊಂಡಿದ್ದಳು! ಚಾಚಿ ಮಾತ್ರ ಏನೂ ಆಗಿಲ್ಲ ಎಂಬಂತೆ ಕವಡೆ ಎಸೆದಳು. ಒಂದು ಅಕ್ಷರ ಕಲಿಯದ ಆ ಹೆಂಗಸಿಗೆ ಮನುಷ್ಯರ ಒಳಗು ಹೇಗೆ ತಿಳಿಯುತ್ತಿತ್ತೋ... ನನಗೆ ಇವತ್ತಿಗೂ ಅದು ಬೆರಗೇ.

ಆ ವರ್ಷವೇ ಆರ್ಡರ್ ಬಂತು. ಮುಂಡರಗಿ ತಾಲೂಕಿನ ಹಮ್ಮಿಗಿ, ಹೊಳೆ ದಂಡೆಯ ಊರು. ಅಪ್ಪ ಕಾಗದ ಓದಿ ಮಡಚಿಟ್ಟ. ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು, ಅವತ್ತು ದೊಡ್ಡಪ್ಪ ಬಂದ ಮೇಲೆ ಕೂತು ಮಾತಾಡೋಣ ಎಂದ. ದೊಡ್ಡಪ್ಪ ಬೇಡ ಎಂದರೆ ಮುಗಿಯಿತು, ಅಪ್ಪ ಅಣ್ಣನ ಮಾತು ಮೀರಿದ್ದನ್ನು ನಾನು ಕಂಡಿರಲಿಲ್ಲ. ನಾನು ಅಳುತ್ತ ಎದುರು ಮನೆಗೆ ಓಡಿದೆ. ಏನು ಮಾತಾಡಬೇಕು ಹೇಳಿಕೊಡು ಎಂದೆ.

"ಮಾತು ಆಮ್ಯಾಲೆ ಹುಡುಕೋಣಂತ, ಬೇಟಿ. ಯಾರಿಗೆ ಏನು ಬೇಕು, ಯಾರಿಗೆ ಯಾತರ ಅಂಜಿಕಿ, ಮೊದಲ ಅದನ್ನ ಹೇಳು."

ದೊಡ್ಡಪ್ಪನಿಗೆ ತನ್ನನ್ನು ಕೇಳಿಯೇ ಎಲ್ಲ ಆಗಬೇಕು, ಹುಡುಗಿ ಒಬ್ಬಳೇ ಇದ್ದಾಳೆ ಅಂತ ಜನ ಆಡಿಕೊಂಡಾರೆಂಬ ಅಂಜಿಕೆ ಎಂದೆ. ಅಪ್ಪನಿಗೆ ಅಣ್ಣನ ಮನಸ್ಸು ನೋಯಬಾರದು ಎಂದೆ.

"ಆಯಿಗೆ?"

"ಆಯಿಗೇನು ಬೇಕಾಗತೈತಿ ಚಾಚಿ? ಎರಡು ಹೊತ್ತು ಊಟ."

ಚಾಚಿ ನನ್ನನ್ನೇ ನೋಡಿದಳು. ಸಿಟ್ಟು ಬಂದಂತಿತ್ತು. "ಹೋಗಿ ಕೇಳು" ಎಂದಳು, ಅಷ್ಟೆ.

ಕೇಳಿದೆ. ಆಯಿ ಹೊಸೆಯುತ್ತಿದ್ದ ಬತ್ತಿ ಕೆಳಗಿಟ್ಟಳು. ಆಮೇಲೆ "ಈ ಓಣಿ ನೋಡಿ ನೋಡಿ ಸಾಕಾಗೈತಿ. ನಿನ್ನ ಕೂಡ ನನ್ನೂ ಕರಕೊಂಡು ಹೋಗ್ತೀಯೇನು?" ಎಂದಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು ಆ ಮಾತು ನನಗೆ ಗೊತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ.

ಅಮಾವಾಸ್ಯೆಯ ದಿನ ದೊಡ್ಡಪ್ಪ ಚಹಾ ಮುಗಿಸಿ, "ಪರ ಊರಾಗ ಹುಡುಗಿ ಒಬ್ಬಾಕಿ ಹೆಂಗ ಇರ್ತಾಳ?" ಎಂದರು. "ಒಬ್ಬಾಕಿ ಯಾಕ? ನಾ ಇಲ್ಲೇನು?" ಎಂದಳು ಆಯಿ. ದೊಡ್ಡಪ್ಪ ತಾಯಿಯತ್ತ ತಿರುಗಿದರು. ಆಗ ನಾನು, "ದೊಡ್ಡಪ್ಪಾ, ನೀವ ಮೊದಲ ಹೋಗಿ ಊರು, ಮನಿ ನೋಡಿ ಬರ್ರಿ. ನಿಮಗ ಸರಿ ಅನಿಸಿದ್ರ ಅಷ್ಟ ಹೋಗ್ತೀವಿ" ಎಂದೆ. ನನ್ನ ಕೈ ನಡುಗುತ್ತಿತ್ತು, ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ದೊಡ್ಡಪ್ಪ ಮರುದಿನವೇ ಬಸ್ಸು ಹತ್ತಿ ಹೋಗಿ ಹೊಳೆಯ ಹತ್ತಿರ ಮನೆ ಗೊತ್ತು ಮಾಡಿ ಬಂದರು. ಹಮ್ಮಿಗಿಯಂಥ ಊರಿಲ್ಲ ಅಂತ ಓಣಿಯ ತುಂಬ ಹೇಳಿಕೊಂಡು ತಿರುಗಿದವರೂ ಅವರೇ.

ಆಯಿ ಮತ್ತು ನಾನು ಅಲ್ಲಿ ಆರು ವರ್ಷ ಇದ್ದೆವು. ರಜೆಗೆ ಬಂದಾಗೆಲ್ಲ ಚಾಚಿಯ ಮುಂದೆ ಹೊಳೆಯ ಸುದ್ದಿಯೇ ಸುದ್ದಿ. ಎಷ್ಟು ಅಗಲ, ಹರಿಗೋಲು ಹೇಗೆ ತಿರುಗುತ್ತದೆ, ಬೇಸಿಗೆಯಲ್ಲಿ ಉಸುಕು ಕಾಣುತ್ತದೋ ಎಂದು ಚಾಚಿ ಕೆದಕಿ ಕೆದಕಿ ಕೇಳುತ್ತಿದ್ದಳು. ಏಳು ಬಾಗಿಲ ಪಟ್ಟಣಕ್ಕೆ ಸಾಮಾನು ಕೂಡಿಸುತ್ತಿದ್ದಾಳೆ ಎಂದುಕೊಂಡು ನಾನೂ ಹುರುಪಿನಿಂದ ಹೇಳುತ್ತಿದ್ದೆ. ಆಮೇಲೆ ಆಕೆಯ ಗಂಡ ತೀರಿಕೊಂಡ. ಚಾಚಿ ಲಕ್ಷ್ಮೇಶ್ವರಕ್ಕೆ, ತಂಗಿಯ ಮನೆಗೆ ಹೋದಳು. ಆಕೆಯೂ ತೀರಿಕೊಂಡಳೆಂಬ ಖಬರು ನನಗೆ ಮುಟ್ಟಿದ್ದು ಮಣ್ಣಾಗಿ ತಿಂಗಳ ಮೇಲೆ.

ಲಕ್ಷ್ಮೇಶ್ವರಕ್ಕೆ ಹೋದೆ. ತಂಗಿ ಚಹಾ ಕೊಟ್ಟು ಎದುರಿಗೆ ಕೂತರು. "ನಮ್ಮಕ್ಕ ಜೀವಮಾನದಾಗ ದೊಡ್ಡ ಹೊಳಿ ನೋಡಿರಲಿಲ್ರೀ. ಟೀಚರ್ ಆಗ್ಯಾಳ ನನ್ನ ಬೇಟಿ, ಆಕಿ ಕರದ್ರ ನಾಲ್ಕು ದಿನ ಹಮ್ಮಿಗಿಗೆ ಹೋಗಿ ಹೊಳಿ ದಂಡಿಗೆ ಕುಂತು ಬರ್ತೀನಿ ಅಂತಿದ್ದಳು" ಎಂದರು. ಬೈಯಲು ಹೇಳಿದ್ದಲ್ಲ, ಮಾತಿಗೆ ಮಾತು ಹೇಳಿದ್ದು.

ನನಗೀಗ ಚಾಚಿಗೆ ಆಗ ಆಗಿದ್ದಷ್ಟು ವಯಸ್ಸು. ಮನೆಯಲ್ಲಿ ಏನೇ ಮಾತುಕತೆಯಾದರೂ, ಮೂಲೆಯಲ್ಲಿ ಸುಮ್ಮನೆ ಕೂತವರಿಗೆ ಏನು ಬೇಕೆಂದು ಮೊದಲು ಕೇಳುತ್ತೇನೆ. ಎಲ್ಲರೂ ನನ್ನನ್ನು ಜಾಣೆ ಎನ್ನುತ್ತಾರೆ. ಅದನ್ನು ಕಲಿಸಿದವಳನ್ನು ಮಾತ್ರ ನಾನು ಒಮ್ಮೆಯೂ ಕೇಳಲಿಲ್ಲ. ಗದಗಿನಿಂದ ಮುಂಡರಗಿ, ಮುಂಡರಗಿಯಿಂದ ಹಮ್ಮಿಗಿ... ಬಸ್ಸು ದಿನವೂ ಇತ್ತು.