ದನಿಯಿಲ್ಲದ ಹೇಸರಗತ್ತೆಗಳು

ನಮ್ಮ ಗೋದಾಮಿನ ಮೇಸ್ತ್ರಿ ಮೂಗರೆಂದು ನಾನು ಹನ್ನೊಂದು ದಿನ ನಂಬಿದ್ದೆ. ಲಾರಿ ಹಿಂದಕ್ಕೆ ಬರಲು ಅಂಗೈ ಬೀಸುವರು, ಹಮಾಲರು ನಿಲ್ಲಲು ಕೈ ಎತ್ತುವರು, ಊಟದ ಹೊತ್ತಾದರೆ ಐದು ಬೆರಳು ಬಾಯಿಗೆ. ಮೂಗರೆಂದ ಮೇಲೆ ಕಿವುಡರೂ ಇರಬೇಕೆಂದು ನನ್ನ ಬುದ್ಧಿ ತೀರ್ಮಾನಿಸಿತು. ರವಾನೆ ಗುಮಾಸ್ತನ ಬುದ್ಧಿ, ಮೂಟೆಗೆ ಚೀಟಿ ಅಂಟಿಸಿದ ಹಾಗೆ ಮನುಷ್ಯರಿಗೂ ಅಂಟಿಸುತ್ತದೆ. ಅವರ ಪಕ್ಕದಲ್ಲೇ ಕೂತು ಮ್ಯಾನೇಜರನ್ನು ಬೈದೆ. ಹುಡುಗಿಯೊಬ್ಬಳು ನನ್ನನ್ನು ಬೇಡವೆಂದ ಕತೆ ಹೇಳಿಕೊಂಡು ಮೂಗು ಒರೆಸಿಕೊಂಡೆ. ಹಾಡಿದೆ ಕೂಡ. ಹನ್ನೆರಡನೆಯ ದಿನ ಮೇಸ್ತ್ರಿ ಮೆಲ್ಲಗೆ ಅಂದರು:

"ತಮ್ಮಾ, ಆ ಹುಡುಗಿ ಬದುಕಿಕೊಂಡಳು ಬಿಡು. ಮದುವೆಯಾಗಿದ್ರೆ ಈ ಹಾಡು ದಿನಾ ಕೇಳಬೇಕಿತ್ತು, ಪಾಪ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಮೇಸ್ತ್ರೀ, ನಿಮಗೆ ಮಾತು ಬರುತ್ತಾ?"

"ಬೇಕಾದಾಗ ಬರುತ್ತೆ. ನಿನಗೆ ಬೇಡದಾಗಲೂ ಬರುತ್ತೆ, ಅಷ್ಟೇ ವ್ಯತ್ಯಾಸ."

ಅಂದಿನಿಂದ ಊಟದ ಡಬ್ಬಿಯನ್ನು ಅವರ ಜೊತೆಯೇ ಬಿಚ್ಚತೊಡಗಿದೆ. ಕತೆ ತುತ್ತುತುತ್ತಾಗಿ ಬಂತು. ಐವತ್ತು ವರ್ಷದ ಹಿಂದಿನ ಯುದ್ಧದಲ್ಲಿ ಅವರು ಸೈನ್ಯಕ್ಕೆ ಸಾಮಾನು ಸಾಗಿಸುವ ದಳದಲ್ಲಿದ್ದರು. ಲಾರಿ ದಾರಿ ಹೊಳೆಯ ಬಳಿ ಮುಗಿಯುತ್ತಿತ್ತು. ಆಮೇಲೆ ಆರು ದಿನ ಬರೀ ಕಾಡು. ಗುಡ್ಡದ ಮೇಲಿನ ಠಾಣೆಯಲ್ಲಿ ಅರವತ್ತು ಮಂದಿ ಜ್ವರ ಹಿಡಿದು ಮಲಗಿದ್ದರು. ಅಕ್ಕಿ, ಗುಂಡು, ಔಷಧಿ ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೇ ಏರಬೇಕು. ಮಳೆಗೆ ಬಿಸ್ಕತ್ತು ಅಂಟಾಗುತ್ತಿತ್ತು, ತೊಗಲಿನ ಪಟ್ಟಿಗಳು ಕೊಳೆತು ಕಿತ್ತುಬರುತ್ತಿದ್ದವು, ಬೂಟು ಬಿಚ್ಚಿದರೆ ಜಿಗಣೆ.

"ಪ್ರಾಣಿಗಳು ಕೂಗಿದ್ರೆ ಶತ್ರುಗೆ ಕೇಳುತ್ತೆ ಅಂತ ದನದ ಡಾಕ್ಟರು ಅವುಗಳ ಗಂಟಲಿನ ದನಿಯ ನರ ಮೊದಲೇ ಕೊಯ್ದಿದ್ರು," ಅಂದರು. "ಹಸಿದಾಗ ಕತ್ತು ಚಾಚಿ ಬಾಯಿ ತೆಗೀತಿದ್ವು. ಸದ್ದೇ ಇಲ್ಲ. ಈಗಲೂ ಕಣ್ಣು ಮುಚ್ಚಿದ್ರೆ ಬರ್ತವೆ. ಬಾಯಿ ತೆಕ್ಕೊಂಡು ಸುಮ್ನೆ ನಿಲ್ತವೆ."

ನನ್ನ ಕೈಯಲ್ಲಿದ್ದ ತುತ್ತು ಮತ್ತೆ ಡಬ್ಬಿಗಿಳಿಯಿತು.

ಮನುಷ್ಯರಿಗೂ ಮಾತು ನಿಷೇಧ. ಸಾಲಿನ ಮುಂದಾಳು ನೂರು ಹೆಜ್ಜೆಗೊಮ್ಮೆ ತಿರುಗಿ ನೋಡಬೇಕು. ಕೊನೆಯವನು ಕೈ ಎತ್ತಿದ್ದರೆ ಇಡೀ ಸಾಲು ನಿಲ್ಲಬೇಕು. ಮುಂದಾಳು ಇವರೇ. ನಾಲ್ಕನೆಯ ದಿನ ಕೆಸರಿನ ಬಯಲೊಂದನ್ನು ದಾಟಿ ಎಣಿಸಿದರೆ ಎಂಟು ಪ್ರಾಣಿಗಳಲ್ಲಿ ಏಳೇ ಉಳಿದಿದ್ದವು. ಔಷಧಿ ಹೊತ್ತ ಕೊನೆಯದೂ ಅದನ್ನು ನಡೆಸುತ್ತಿದ್ದವನೂ ಇಲ್ಲ.

"ಏನಾದ?"

"ಯಾರೂ ನೋಡಲಿಲ್ಲ," ಅಂದು ಡಬ್ಬಿ ಮುಚ್ಚಿದರು. ಗೋದಾಮಿನ ಮೆಟ್ಟಿಲಿನ ಮೇಲೂ ಅವರು ಯಾರ ಮುಂದೆಯೂ ಹೋಗುತ್ತಿರಲಿಲ್ಲ. ಎಲ್ಲರೂ ದಾಟಲೆಂದು ಗೋಡೆಗೆ ಒತ್ತಿ ನಿಲ್ಲುವರು. ಮೊಣಕಾಲು ನೋವೆಂದು ನಾನು ಅದಕ್ಕೂ ಒಂದು ಚೀಟಿ ಅಂಟಿಸಿದ್ದೆ.

ಹೋದ ತಿಂಗಳು ಮುದುಕಿಯೊಬ್ಬರು ಗೋದಾಮಿಗೆ ಬಂದರು. ಬಟ್ಟೆ ಹೊಲಿದೂ ಹೊಲಿದೂ ಕಣ್ಣು ಸವೆಸಿಕೊಂಡ ದರ್ಜಿ. ಆ ಕೊನೆಯವನ ತಂಗಿ. ಹಳೆಯ ಸೈನಿಕನೊಬ್ಬ ವಿಳಾಸ ಕೊಟ್ಟಿದ್ದನಂತೆ. ನಾನು ಕುರ್ಚಿ ತಂದುಕೊಟ್ಟೆ, ಕೂರಲಿಲ್ಲ. ಮಡಿಕೆಗಳಲ್ಲಿ ಹರಿದ, ಸೈನ್ಯದಿಂದ ಬಂದ ಕಾಗದವನ್ನು ಮೇಸ್ತ್ರಿಗೆ ಚಾಚಿದರು. 'ಪಡೆ ಬಿಟ್ಟು ಓಡಿಹೋಗಿರುವ ಸಂಭವವಿದೆ' ಎಂದಿತ್ತು.

"ಓಡಿಹೋದವನ ತಾಯಿ ಅನ್ನಿಸಿಕೊಂಡೇ ನಮ್ಮಮ್ಮ ಸತ್ತಳು. ಓಡಿಹೋದವನ ತಂಗಿ ಅಂತ ನನ್ನ ಎರಡು ಸಂಬಂಧ ಮುರಿದುಬಿದ್ದವು. ನಾನು ಸಾಯೋದ್ರೊಳಗೆ ಒಂದು ಮಾತು ಗೊತ್ತಾಗಬೇಕು. ಅಣ್ಣ ಓಡಿಹೋದನಾ?"

"ಇಲ್ಲ ತಾಯಿ. ಕೆಸರಲ್ಲಿ ಸಿಕ್ಕಿಬಿದ್ದ."

ಮುದುಕಿಯ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಬಿಗಿದುಕೊಂಡಿತು.

"ಯಾರೂ ನೋಡಲಿಲ್ಲ ಅಂತ ಆಗ ನೀವೇ ಬರೆದುಕೊಟ್ಟಿದ್ದಿರಂತೆ. ಮತ್ತೆ ನಿಮಗೆ ಹೇಗೆ ಗೊತ್ತು?"

ನಾನು ಮಧ್ಯೆ ಬಾಯಿ ಹಾಕಿದೆ. "ಅಮ್ಮಾ, ಅವರು ಅಂದಾಜಿನ ಮೇಲೆ…"

"ನೀನು ಸುಮ್ಮನಿರು ತಮ್ಮಾ," ಅಂದರು ಮೇಸ್ತ್ರಿ. ಗೋದಾಮಿನ ಕೊನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದು ಅದೇ ಮೊದಲು.

"ನಾನು ತಿರುಗಿ ನೋಡಿದೆ. ಎದೆವರೆಗೆ ಮುಳುಗಿದ್ದ, ಕೈ ಎತ್ತಿದ್ದ. ನಿಂತ್ರೆ ಶತ್ರು ಕಣ್ಣಿಗೆ ಬೀಳ್ತೀವಿ ಅಂತ ನನಗೆ ಪ್ರಾಣಭಯ. ಬಿಟ್ಟು ನಡೆದೆ."