ರಾಜಧಾನಿಗೆ ಹೊರಟವರ ದರ್ಜಿ

ನಮ್ಮ ಬೀದಿಯಲ್ಲಿ ಯಾರೇ ರಾಜಧಾನಿಗೆ ಹೊರಡಲಿ, ದರ್ಜಿ ಮಾವನ ಕಣ್ಣು ತಪ್ಪಿಸಿ ಹೋಗುವಂತಿಲ್ಲ. ಹಿಡಿದು ಕೂರಿಸಿ, ಪ್ಯಾಂಟಿಗೊಂದು ಗುಟ್ಟಿನ ಒಳಜೇಬು ಹೊಲಿಯುತ್ತಲೇ ಉಪದೇಶ ಶುರು ಮಾಡುತ್ತಾರೆ: "ಸ್ಟೇಷನ್ ಎದುರು ಕಾಫಿ ಕುಡೀಬೇಡಿ, ಕಪ್ಪಿಗೂ ಬಾಡಿಗೆ ಹಾಕ್ತಾರೆ. ಬಾಯಿ ಬಿಟ್ಕೊಂಡು ಕಟ್ಟಡ ನೋಡ್ಬೇಡಿ, ಟ್ಯಾಕ್ಸಿಯವನ ಕಣ್ಣಿಗೆ ಬಿದ್ರೆ ಮುಗೀತು ಕಥೆ. ಪಾರ್ಕಿನ ಬೆಂಚು ಕಂಡ್ರೂ, ಪುಕ್ಕಟೆನಾ ಅಂತ ಕೇಳದೆ ಕೂರ್ಬೇಡಿ." ಅವರ ಜೇಬು ಎಷ್ಟು ಆಳವೆಂದರೆ, ದುಡ್ಡು ತೆಗೆಯಲು ಮರೆಗೆ ಹೋಗಿ ಪ್ಯಾಂಟೇ ಬಿಚ್ಚಬೇಕು; ಅಷ್ಟರಲ್ಲಿ ಖರ್ಚಿನ ಆಸೆ ಇಳಿದಿರುತ್ತದೆ ಎಂಬುದು ಮಾವನ ಲೆಕ್ಕಾಚಾರ. ಇಂಥ ಜಿಪುಣರು ಗಡಿಯಾರ ಗೋಪುರದ ಮಾತು ಬಂದರೆ ಮಾತ್ರ ಕತ್ತರಿ ಕೆಳಗಿಡುತ್ತಾರೆ. "ಜೋಡಿಯಾಗಿ ಹೋದ್ರೆ, ಅಲ್ಲಿ ಮೇಲೆ ಹತ್ತೋಕೆ ಮಾತ್ರ ಇಬ್ರಿಗೂ ಟಿಕೆಟ್ ತಗೊಳ್ಳಿ." ಗೋಪುರದ ತುದಿಯಿಂದ ಅವರೇ ತೆಗೆದ ಫೋಟೋ ಗೋಡೆಯ ಮೇಲಿದೆ. ಅದರಲ್ಲಿನ ಸಣ್ಣ ಚುಕ್ಕಿಯೊಂದನ್ನು ಬೆರಳಿಂದ ಒರೆಸುತ್ತಾ ಹೇಳುತ್ತಾರೆ: "ಕೆಳಗೆ ಕಾಯ್ತಾ ನಿಂತಿದಾಳಲ್ಲ, ನಿಮ್ಮತ್ತೆ. ಅವಳದ್ದು ಅಂತ ಉಳಿದಿರೋ ಫೋಟೋ ಇದೊಂದೇ."