ಒಜೀಸಾನ್ ಕಲಿಸಿದ ಕೂಗು

ಇವತ್ತು ಬೆಳಿಗ್ಗೆ ಮೊಮ್ಮಗ ಚಿನ್ನು ಬಾಗಿಲ ಬಳಿ ಕೂತು, ಶಾಲೆಯ ಸಮಾರಂಭಕ್ಕೆಂದು ಕಪ್ಪು ಶೂಗೆ ಪಾಲಿಶ್ ಹಚ್ಚುತ್ತಿದ್ದ. ವಾಸನೆ ಅಡುಗೆಮನೆಯವರೆಗೂ ಬಂತು. ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ. ಜಪಾನಿನ ಉರಯಾಸು ಊರಿನ ಈ ಕಟ್ಟಡದಲ್ಲಿ ಹಿಂದೆ ಆ ವಾಸನೆ ಬರುತ್ತಿದ್ದದ್ದು ಪಕ್ಕದ ಮನೆಯಿಂದ ಮಾತ್ರ... ಅಲ್ಲಿದ್ದ ಮುದುಕರನ್ನು ನಾವೆಲ್ಲ ಒಜೀಸಾನ್, ಅಂದರೆ ತಾತ, ಎಂದೇ ಕರೆಯುತ್ತಿದ್ದೆವು. ಹೆಸರು ಕೇಳಲು ನನಗೆ ಸಂಕೋಚ.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಇಲ್ಲಿಗೆ ಬಂದೆ. ಪುಟ್ಟ ಚಿನ್ನುವನ್ನು ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗುವುದೊಂದೇ ನನಗಿದ್ದ ಕೆಲಸ, ಅದೇ ಸಂತೋಷ. ಒಂದು ಸಂಜೆ ಅವನು ಕೈ ಬಿಡಿಸಿಕೊಂಡು ರಸ್ತೆಗೆ ಓಡಿದ. ನನ್ನ ಬಾಯಿಂದ ದನಿಯೇ ಹೊರಡಲಿಲ್ಲ. ಸೈಕಲ್ಲಿನಲ್ಲಿ ಬರುತ್ತಿದ್ದ ಹೆಂಗಸು ಗಕ್ಕನೆ ಬ್ರೇಕ್ ಹಾಕಿದ್ದರಿಂದ ಮಗು ಉಳಿಯಿತು. ಚಿಕ್ಕಂದಿನಲ್ಲಿ ಹಳ್ಳಿ ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ನನ್ನ ದನಿ ಮೇಷ್ಟರಿಗೆ ಕೇಳಿಸದೆ, ಎದುರಿಗೇ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು.

ನಿಮ್ಮ ಅಮ್ಮ ಬೈಯಲಿಲ್ಲ. "ಅಮ್ಮಾ, ಬೇಜಾರ್ ಮಾಡ್ಕೋಬೇಡ. ಇನ್ಮೇಲೆ ಒಬ್ಳೇ ಇವನನ್ನ ಹೊರಗೆ ಕರ್ಕೊಂಡ್ ಹೋಗೋದ್ ಬೇಡ," ಎಂದಳು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಒಜೀಸಾನ್ ಬಾಲ್ಕನಿಯಿಂದ ಎಲ್ಲ ನೋಡಿದ್ದರು. ಆ ಭಾನುವಾರ ಕಟ್ಟಡದ ಹಿಂದಿನ ಬಯಲಿಗೆ ನನ್ನನ್ನು ಕರೆದರು. ಮಧ್ಯೆ ನಿಂತು ಅವರ ಜಪಾನಿ ಮಾತನ್ನು ನನಗೆ ತಿಳಿಸುವವಳು ಚಿನ್ನುವಿನ ಅಕ್ಕ ಪುಟ್ಟಿ.

ಅವರು ಹರೆಯದಲ್ಲಿ ಸೋಯಾ ಹಾಲಿನ ತೋಫು ಮಾಡಿ ಮಾರುತ್ತಿದ್ದರಂತೆ. ರಜೆಯ ದಿನ ಮಾತ್ರ ಸೈನ್ಯದ ಒಂದು ಮೀಸಲು ದಳದಲ್ಲಿ ಕೆಲಸ. ಆ ದಳ ತಯಾರು ಮಾಡುತ್ತಿದ್ದದ್ದು ಸಿಪಾಯಿಗಳನ್ನಲ್ಲ, ಸಿಪಾಯಿಗಳಿಗೆ ಕವಾಯತು ಕಲಿಸುವವರನ್ನು. ಮೊದಮೊದಲು ಅವರಿಗೆ ಕಟ್ಟಡವೂ ಇರಲಿಲ್ಲ, ಸಮುದ್ರದ ದಂಡೆಯಲ್ಲಿ ಮೀನು ಒಣಗಿಸುವ ಶೆಡ್ಡೇ ಗತಿ. ಕಲಿಯುವವನು ಗಾಳಿಗೆ ಎದುರಾಗಿ ನಿಂತು ಆಜ್ಞೆ ಕೂಗಬೇಕು. ಗುರು ಅವನಿಗೆ ಬೆನ್ನು ಹಾಕಿ ದೂರಕ್ಕೆ ನಡೆಯುತ್ತಾ ಹೋಗುತ್ತಾನೆ. ಗುರುವಿನ ಕಾಲು ತಾನಾಗಿ ನಿಂತ ದಿನವೇ ಶಿಷ್ಯ ಪಾಸು. ಆಮೇಲೆ ಒಳ್ಳೆಯ ಮೈದಾನ ಬಂತು, ಮೈಕು ಬಂತು, ಸೇರುವ ಹುಡುಗರು ಕಡಿಮೆಯಾದರು... ಕೊನೆಗೆ ದಳವನ್ನು ಮುಚ್ಚಿದರು. ಒಜೀಸಾನ್ ಮಾತ್ರ ಶೂ ಉಜ್ಜುವುದನ್ನು ಬಿಡಲಿಲ್ಲ.

ಈಗ ಅದೇ ಪಾಠ ನನಗೆ. ನಾನು ಸೆರಗು ಬಿಗಿಹಿಡಿದು ಕೂಗಿದೆ. ಒಜೀಸಾನ್ ನಿಲ್ಲದೆ ನಡೆದೇ ಹೋದರು. ಪುಟ್ಟಿ ಬಿದ್ದು ಬಿದ್ದು ನಕ್ಕಳು. "ಅಜ್ಜೀ, ನಿನ್ನ ವಾಯ್ಸ್ ನಿನ್ನ ಚಪ್ಪಲಿ ಮೇಲೇ ಬಿದ್ಹೋಗುತ್ತಂತೆ! ಕಿರುಚಬೇಡ, ಹೊಟ್ಟೆಯಿಂದ ಕಳಿಸು ಅಂತಿದಾರೆ. ಫಸ್ಟ್ ಹೆಸರು ಕರಿ, ಒಂದ್ ಉಸಿರು ಬಿಡು, ಆಮೇಲೆ ಆರ್ಡರ್."

ಆ ಒಂದು ಉಸಿರಿನ ಬಿಡುವಿನಲ್ಲಿ ಕೇಳುವವನು ಸಿದ್ಧನಾಗುತ್ತಾನಂತೆ. ವಾರವಾರವೂ ಕೂಗಿದೆ. ಒಂದು ದಿನವೂ ಅವರು ನಿಲ್ಲಲಿಲ್ಲ.

ಆಮೇಲೊಂದು ಮಧ್ಯಾಹ್ನ, ನಿಮ್ಮ ಅಮ್ಮ ಕೆಳಗೆ ಕಾರಿನಿಂದ ಸಾಮಾನು ಇಳಿಸುತ್ತಿದ್ದಳು. ನಾನು ಮೆಟ್ಟಿಲ ಬಳಿ ಇದ್ದೆ. ಚಿನ್ನುವಿನ ಚೆಂಡು ಉರುಳಿತು, ಅವನು ಅದರ ಹಿಂದೆ ಓಡಿದ. ಅದೇ ಹೊತ್ತಿಗೆ ಪಾರ್ಸೆಲ್ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ನಿಮ್ಮ ಅಮ್ಮನ ಎರಡು ಕೈಯಲ್ಲೂ ಚೀಲ.

"ಚಿನ್ನೂ..." ಒಂದು ಉಸಿರು. "ನಿಲ್ಲು!"

ಆ ದನಿ ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ. ಮಗು ನೆಟ್ಟ ಗೂಟದಂತೆ ನಿಂತಿತು. ಲಾರಿ ನಿಂತಿತು. ಚೆಂಡು ಮಾತ್ರ ಲಾರಿಯ ಅಡಿಗೆ ಹೋಯಿತು. ನಿಮ್ಮ ಅಮ್ಮ ಓಡಿ ಬಂದು ಚಿನ್ನುವನ್ನು ಎತ್ತಿಕೊಂಡಳು. ನಾನು ಮೆಟ್ಟಿಲ ಮೇಲೆ ಕೂತೆ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು.

ತಲೆ ಎತ್ತಿ ನೋಡಿದರೆ, ಗೇಟಿನ ಆಚೆ, ಕೊಂಬಿನಿ ಅಂಗಡಿಗೆ ಹೊರಟಿದ್ದ ಒಜೀಸಾನ್ ನಮಗೆ ಬೆನ್ನು ಹಾಕಿ ನಿಂತಿದ್ದರು. ಕವಾಯತಿನಲ್ಲಿ ನಿಲ್ಲುವಂತೆ ಎರಡು ಹಿಮ್ಮಡಿ ಕೂಡಿದ್ದವು. ಅವರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ನಿಧಾನವಾಗಿ ನನ್ನತ್ತ ತಿರುಗಿ ತಲೆ ಬಾಗಿಸಿದರು.

ಮಾರನೆಯ ಸಂಜೆ ನಿಮ್ಮ ಅಮ್ಮ ಚಿನ್ನುವಿನ ಟೋಪಿ ತಂದು ನನ್ನ ಕೈಗಿಟ್ಟಳು. "ಪಾರ್ಕಿಗೆ ಹೋಗ್ಬನ್ನಿ, ಕತ್ತಲಾಗೋದ್ರೊಳಗೆ ಬಂದ್ಬಿಡಿ."

ಒಜೀಸಾನ್ ತೀರಿಹೋದದ್ದು ಒಂದು ಚಳಿಗಾಲದಲ್ಲಿ. ಅವರ ಮಗಳು ಮನೆ ಖಾಲಿ ಮಾಡುವಾಗ ಶೂಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದರು, ಹೊಳೆಯುತ್ತಲೇ ಇದ್ದವು... ಅರಿಗಾತೋ, ಅಂದರೆ ಧನ್ಯವಾದ, ಎಂದು ಹೇಳಲು ಹೋದವಳು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಟ್ಟು ಬಂದೆ.

ಚಿನ್ನು ಇವತ್ತು ಊಟದ ಡಬ್ಬಿ ಮರೆತು ಹೊರಟ. ಬಾಗಿಲಿಗೆ ಬಂದು ಕೂಗಿದೆ. ಕಾರಿಡಾರಿನ ತುದಿಯಲ್ಲಿ ಹೊಸ ಶೂಗಳು ಟಕ್ಕನೆ ನಿಂತವು. ಪಕ್ಕದ ಬಾಗಿಲತ್ತ ನೋಡಿದೆ. ನನ್ನ ಕೂಗಿಗೆ ನಿಲ್ಲುವ ಒಜೀಸಾನ್ ಹೆಜ್ಜೆ ಅಲ್ಲಿ ಇರಲಿಲ್ಲ.